ಆಶ್ಲೇಷ ಮಳೆಗೆ ಅಲ್ಕಾಂಟರಾ ತಡೆಯುತ್ತದೆಯೇ? ಸ್ಪೋರ್ಟ್ಸ್ ಕಾರುಗಳ ಒಳಾಂಗಣ, ಮಲೆನಾಡಿನ ಲೆಕ್ಕದಲ್ಲಿ

ಶೋರೂಮಿನ ದೀಪದ ಕೆಳಗೆ ಯಾವ ಸ್ಪೋರ್ಟ್ಸ್ ಕಾರಿನ ಒಳಗೆ ಕೂತರೂ ಮನಸ್ಸು ಸೋಲುತ್ತದೆ. ಕೆಂಪು ಹೊಲಿಗೆ, ಕಾರ್ಬನ್ ಫೈಬರ್, ಕೈಗೆ ಮೆತ್ತಗೆ ಸಿಗುವ ಸ್ಟೀರಿಂಗು. ಅದೇ ಕಾರು ಆಗುಂಬೆಯ 14 ತಿರುವು ಹತ್ತಿ ಬಂದು, ಪುನರ್ವಸುವಿನಿಂದ ಆಶ್ಲೇಷದವರೆಗೆ ಹೆಂಚಿನ ಶೆಡ್ಡಿನಲ್ಲಿ ನಿಂತ ಮೇಲೆ ಒಮ್ಮೆ ಬಾಗಿಲು ತೆಗೆದು ನೋಡಬೇಕು. ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ, ಕಣ್ಣಿಗೆ ಬೀಳುವುದು ಸೀಟಿನ ಮಡಿಕೆಯಲ್ಲಿ ಕೂತ ಬೂದಿಬಣ್ಣದ ಬೂಷ್ಟು. ಆದ್ದರಿಂದ ಇಲ್ಲಿ ಅಂಕ ಕೊಟ್ಟಿರುವುದು ಮಳೆಗಾಲ ಕಳೆದ ಮೇಲೆ ಏನು ಉಳಿಯುತ್ತದೆ ಎನ್ನುವುದಕ್ಕೆ. ಆ ಲೆಕ್ಕದಲ್ಲಿ ದುಬಾರಿ ಸಾಮಗ್ರಿಗಳು ಬಹಳಷ್ಟು ಹಿಂದೆ ಬೀಳುತ್ತವೆ, ಹಳೇ ಕಾಲದ ಚೌಕುಳಿ ಬಟ್ಟೆಯ ಸೀಟು ಮುಂದೆ ಬರುತ್ತದೆ.

ಮೊದಲು ಅಲ್ಕಾಂಟರಾ. ಇದನ್ನು ಚರ್ಮ ಎಂದು ತಿಳಿದವರು ಇನ್ನೂ ಇದ್ದಾರೆ. 1970ರಲ್ಲಿ ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ ರೂಪಿಸಿದ, ಇಟಲಿಯಲ್ಲಿ ತಯಾರಾಗುವ ಕೃತಕ ವಸ್ತು ಇದು. ಸುಮಾರು ಶೇ. 68 ಪಾಲಿಯೆಸ್ಟರ್, ಶೇ. 32 ಪಾಲಿಯುರೆಥೇನ್. ಪೋರ್ಷೆ ತನ್ನ ಕಾರುಗಳಲ್ಲಿ ರೇಸ್-ಟೆಕ್ಸ್ ಎಂದು ಹೆಸರಿಟ್ಟಿರುವುದೂ ಇದೇ ಜಾತಿಯ ಮೈಕ್ರೋಫೈಬರ್. ಹಗುರ, ಬೆಳಕು ಪ್ರತಿಫಲಿಸುವುದಿಲ್ಲ, ತಿರುವಿನಲ್ಲಿ ಮೈ ಜಾರಲು ಬಿಡುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ಗ್ಲೌಸ್ ಹಾಕಿದ ಕೈಗೆ ಇದಕ್ಕಿಂತ ಒಳ್ಳೆಯ ಸ್ಟೀರಿಂಗ್ ಹೊದಿಕೆ ಇಲ್ಲ.

ಘಾಟಿಯಲ್ಲಿ ಬರಿಗೈಯಲ್ಲಿ ಹಿಡಿದಾಗಲೇ ತಕರಾರು ಶುರು. ಅಂಗೈಯ ಬೆವರು ಮತ್ತು ಜಿಡ್ಡು ಆ ಸಣ್ಣ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಗಡಿಯಾರದ 10 ಮತ್ತು 2ರ ಜಾಗದಲ್ಲಿ ಮೊದಲು ಬಣ್ಣ ಕಪ್ಪಾಗುತ್ತದೆ, ಆಮೇಲೆ ಹೊಳಪು ಬರುತ್ತದೆ, ಕೊನೆಗೆ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಕಂಪನಿ ಹೇಳುವ ಆರೈಕೆ ಸರಳ: ಬಣ್ಣ ಬಿಡದ ಬಿಳಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿ, ಪೂರ್ತಿ ಒಣಗಲು ಬಿಟ್ಟು, ಮೃದು ಬ್ರಶ್ಶಿನಿಂದ ಎಳೆ ಎಬ್ಬಿಸುವುದು. ಇದರಲ್ಲಿ ‘ಪೂರ್ತಿ ಒಣಗಲು ಬಿಟ್ಟು’ ಎಂಬ ಮೂರು ಪದಗಳೇ ಕಷ್ಟ. ಒಗೆದ ಟವೆಲನ್ನು ಬಚ್ಚಲ ಒಲೆಯ ಮೇಲೆ ಕಟ್ಟಿ ಒಣಗಿಸುವ ಊರುಗಳಲ್ಲಿ ಸ್ಟೀರಿಂಗನ್ನು ಎಲ್ಲಿ ಕಟ್ಟುವುದು? ಒದ್ದೆಯಿರುವಾಗಲೇ ಬ್ರಶ್ ಎಳೆದರೆ ಎಳೆ ಗಂಟಾಗಿ ಉಂಡೆ ಏಳುತ್ತದೆ. ಹೇರ್ ಡ್ರೈಯರ್ ಬಿಸಿ ಹೊಡೆದರಂತೂ ಎಳೆಯೇ ಹಾಳು. ತಣ್ಣನೆ ಗಾಳಿಯಲ್ಲಿ ಫ್ಯಾನ್ ಇಟ್ಟು, ಎಸಿ ಓಡಿಸಿ ಒಣಗಿಸುವುದೊಂದೇ ದಾರಿ.

ಅಲ್ಕಾಂಟರಾ ಬೇಕೇ ಬೇಕು ಎನ್ನುವವರು ಕೈ, ಮೊಣಕೈ, ತಲೆ ತಾಗದ ಜಾಗಕ್ಕೆ ಹಾಕಿಸಿಕೊಳ್ಳಲಿ. ಛಾವಣಿಯ ಒಳಮೈ, ಡ್ಯಾಶ್‌ಬೋರ್ಡಿನ ಮೇಲ್ಭಾಗ, ಸೀಟಿನ ನಡುಭಾಗದ ತನಕ ಸರಿ. ಸ್ಟೀರಿಂಗ್, ಗೇರ್ ನಾಬ್, ಬಾಗಿಲಿನ ಹಿಡಿಗೆ ಮಾತ್ರ ನುಣುಪು ಚರ್ಮವೇ ವಾಸಿ.

ಚರ್ಮದಲ್ಲೂ ಎಲ್ಲ ಒಂದೇ ಅಲ್ಲ. ಕಾರಿನ ಸೀಟಿಗೆ ಬರುವುದು ಹೆಚ್ಚಾಗಿ ಮೇಲೆ ಬಣ್ಣದ ಲೇಪ ಕೊಟ್ಟ ಚರ್ಮ. ಅದರ ಮೇಲೆ ಒಂದು ಹನಿ ನೀರು ಬಿದ್ದರೆ ಮುತ್ತಿನ ಹಾಗೆ ನಿಲ್ಲುತ್ತದೆ. ಲೇಪ ಕಡಿಮೆಯಿರುವ ಸೆಮಿ ಅನಿಲೀನ್ ಚರ್ಮ ಮುಟ್ಟಲು ಬೆಣ್ಣೆ, ಆದರೆ ಹನಿ ಬಿದ್ದ ಕಡೆ ಹೀರಿ ಕಪ್ಪಾಗುತ್ತದೆ. ಮಲೆನಾಡಿಗೆ ಮೊದಲನೆಯದೇ ಸರಿ. ಮೆತ್ತನೆಯ ದುಬಾರಿ ಚರ್ಮಕ್ಕೆ ಇಡುವ ‘ನಪ್ಪಾ’ ಎಂಬ ಹೆಸರು ಕೇಳಿ ಖುಷಿಪಡುವ ಮೊದಲು ಸೀಟಿನ ಮೂಲೆಗೆ ನೀರಿನ ಹನಿ ಬಿಟ್ಟು ಅರ್ಧ ನಿಮಿಷ ಕಾದು ನೋಡುವುದು ಒಳ್ಳೆಯದು.

ಬೂಷ್ಟು ಚರ್ಮವನ್ನು ತಿನ್ನುವುದಕ್ಕಿಂತ ಅದರ ಮೇಲಿನ ಕೊಳೆ, ಬೆವರು, ಎಣ್ಣೆಯನ್ನು ತಿಂದು ಬೆಳೆಯುತ್ತದೆ. ಗಾಳಿಯ ತೇವಾಂಶ ಶೇ. 70 ದಾಟಿ ದಿನಗಟ್ಟಲೆ ನಿಂತರೆ ಸಾಕು. ಅದಕ್ಕೇ ಮಳೆ ಹಿಡಿಯುವ ಮುಂಚೆ ಸೀಟಿಗೆ ಕೊಬ್ಬರಿ ಎಣ್ಣೆ ಸವರುವುದು ಬೂಷ್ಟಿಗೆ ಊಟ ಬಡಿಸಿದ ಹಾಗೆ. ಮೇ ತಿಂಗಳಲ್ಲಿ ಕ್ಷಾರವಿಲ್ಲದ ಲೆದರ್ ಕ್ಲೀನರಿನಿಂದ ಮಡಿಕೆ, ಹೊಲಿಗೆಯ ಸಂದಿ ತೊಳೆದು, ನೀರು ಆಧಾರಿತ ಕಂಡೀಷನರನ್ನು ತೆಳ್ಳಗೆ ಹಚ್ಚಿ, ಪೂರ್ತಿ ಒರೆಸಿ ತೆಗೆದರೆ ಮುಂದಿನ ಸರದಿ ದೀಪಾವಳಿ ಕಳೆದ ಮೇಲೆ. ಆದರೂ ಬೂಷ್ಟು ಬಂದರೆ ಕಾರಿನೊಳಗೆ ಕೂತು ಉಜ್ಜಬಾರದು, ಅದರ ಬೀಜಕಣ ಎಸಿಯ ಬಾಯಿಗೆ ಹೋಗುತ್ತದೆ. ನಾಲ್ಕೂ ಬಾಗಿಲು ತೆರೆದು, ಮಾಸ್ಕ್ ಹಾಕಿ, ಸಮಪಾಲು ವಿನೆಗರ್ ಮತ್ತು ನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿ ಒರೆಸಬೇಕು. ಮೊದಲು ಸೀಟಿನ ಕೆಳಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಂಡೇ ಮುಂದಿನ ಕೆಲಸ.

ಕೃತಕ ಚರ್ಮದ ಕಥೆ ಬೇರೆ. ಪಿವಿಸಿ ಗಟ್ಟಿ, ಸೆಕೆ, ಬೆನ್ನಿಗೆ ಅಂಟುತ್ತದೆ. ಆದರೆ ತೇವಕ್ಕೆ ಜಗ್ಗುವುದಿಲ್ಲ. ಅಗ್ಗದ ಪಿಯು (ಪಾಲಿಯುರೆಥೇನ್) ನೋಡಲು ಚರ್ಮದಂತೆ ಇದ್ದರೂ ತೇವಾಂಶಕ್ಕೆ ಅದರ ಅಣುಗಳ ಕೊಂಡಿಗಳೇ ಕಳಚಿ, ಕೆಲವೇ ವರ್ಷಗಳಲ್ಲಿ ಹಾವಿನ ಪೊರೆಯ ಹಾಗೆ ಸಿಪ್ಪೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಬಟನ್‌ಗಳ ಮೇಲಿನ ‘ಸಾಫ್ಟ್ ಟಚ್’ ಲೇಪಕ್ಕೂ ಇದೇ ಗತಿ. 1990ರ ದಶಕದ ಕೊನೆ ಮತ್ತು 2000ದ ದಶಕದ ಫೆರಾರಿಗಳ ಅಂಟುವ ಬಟನ್‌ಗಳು ಜಗತ್ತಿನಾದ್ಯಂತ ಕುಖ್ಯಾತ. ಬೆರಳಿಟ್ಟರೆ ಹಲಸಿನ ಮೇಣ ಮುಟ್ಟಿದಂತೆ. ಬಟನ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಲೇಪವನ್ನು ಪೂರ್ತಿ ತೆಗೆದರೆ ಕೆಳಗಿನ ಪ್ಲಾಸ್ಟಿಕ್ ಉಳಿಯುತ್ತದೆ, ಮೇಲೆ ಬರೆದ ಅಕ್ಷರ ಹೋಗುವ ಸಾಧ್ಯತೆ ಹೆಚ್ಚು.

ಇನ್ನು ಪಿಯಾನೊ ಬ್ಲ್ಯಾಕ್, ಅಂದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಪ್ಲಾಸ್ಟಿಕ್. ಕೆಮ್ಮಣ್ಣಿನ ಊರಿಗೆ ಇದನ್ನು ಮಾರುವವರಿಗೆ ಧೈರ್ಯ ಜಾಸ್ತಿ. ರಸ್ತೆಯ ಧೂಳಿನಲ್ಲಿ ಮರಳಿನ ಚೂಪು ಕಣ ಇರುತ್ತವೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಜೇಡರಬಲೆಯಂಥ ಗೀರು ಖಾಯಂ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಒದ್ದೆ ಮೈಕ್ರೋಫೈಬರ್. ಹೊಸ ಕಾರಾದರೆ ಮೊದಲ ವಾರದಲ್ಲೇ ಟಿಪಿಯು ಎಂಬ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸುವುದು ಜಾಣತನ.

ಬಣ್ಣಕ್ಕೆ ಬಂದರೆ ಒಂದು ಮಾತಿಗೆ ರಾಜಿಯಿಲ್ಲ: ಡ್ಯಾಶ್‌ಬೋರ್ಡಿನ ಮೇಲ್ಭಾಗ ಕಪ್ಪು ಅಥವಾ ಕಡುಬೂದು, ಹೊಳಪಿಲ್ಲದ್ದೇ ಇರಬೇಕು. ತಿಳಿ ಬಣ್ಣದ ಡ್ಯಾಶ್ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಸ್ಪೋರ್ಟ್ಸ್ ಕಾರಿನ ಗಾಜು ತೀರಾ ಮಲಗಿರುವುದರಿಂದ ಪ್ರತಿಬಿಂಬ ನೇರ ಕಣ್ಣಿಗೆ ಬರುತ್ತದೆ. ಆಗುಂಬೆ, ಹುಲಿಕಲ್ ಘಾಟಿಯ ಮಂಜಿನಲ್ಲಿ ಬೆಳಕು ಎಲ್ಲ ದಿಕ್ಕಿನಿಂದ ಬರುವಾಗ ಎದುರಿನ ರಸ್ತೆಯ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ತೇಲುತ್ತಿರುತ್ತದೆ. ಅದೇ ಕಾರಣಕ್ಕೆ ರಾತ್ರಿ ಒಳಗಿನ ಅಲಂಕಾರದ ಆಂಬಿಯೆಂಟ್ ಲೈಟನ್ನು ಕನಿಷ್ಠಕ್ಕೆ ಇಳಿಸಿ, ನೀಲಿ ಬಿಟ್ಟು ಕೆಂಪೋ ಅಂಬರೋ ಇಟ್ಟುಕೊಳ್ಳುವುದು ಒಳ್ಳೆಯದು.

ದಂತದ ಬಿಳಿ ಸೀಟು ಬೇಡವೇ ಬೇಡ. ಹೊಸ ಜೀನ್ಸಿನ ನೀಲಿ ಹತ್ತುತ್ತದೆ, ಅದರ ಮೇಲೆ ಅಡಿಕೆ ಕೊಯ್ಲಿನ ಸಮಯದಲ್ಲಿ ಮನೆಯೆಲ್ಲಾ ಚೊಗರು. ಬಟ್ಟೆಗೆ ಹತ್ತಿದ ಚೊಗರು ಬಟ್ಟೆ ಹರಿದರೂ ಹೋಗದು ಎಂಬುದು ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಅಚ್ಚಗೆಂಪು ಚೆಂದ, ಆದರೆ ಪೂರ್ತಿ ಕೆಂಪಾದರೆ ಯಕ್ಷಗಾನದ ಚೌಕಿಯಲ್ಲಿ ಕೂತ ಹಾಗೆ. ಹೊಲಿಗೆ, ಸೀಟ್ ಬೆಲ್ಟ್ ಕೆಂಪಿದ್ದರೆ ಸಾಕು. ನಮ್ಮ ಮತ ಕಡುಕಂದಿಗೆ, ಹೆಚ್ಚುಕಡಿಮೆ ಕಾಫಿ ಪುಡಿಯ ಬಣ್ಣಕ್ಕೆ. ಮಣ್ಣು ಕಾಣುವುದಿಲ್ಲ, ಬೂಷ್ಟು ಬಂದರೆ ಬೇಗ ಕಾಣುತ್ತದೆ. ಕಪ್ಪಿನ ಮೇಲೂ ಬೂಷ್ಟು ಕಾಣುತ್ತದೆ, ಆದರೆ ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಬಿಸಿಲಿಗೆ ನಿಲ್ಲಿಸಿದ ಕಪ್ಪು ಲೆದರಿನ ಮೇಲೆ ಪಂಚೆಯುಟ್ಟು ಕೂತವರಿಗೆ ಆ ಆಯ್ಕೆ ಮತ್ತೆ ನೆನಪಾಗುತ್ತದೆ.

ಕಾರುಗಳ ಪೈಕಿ ಅಚ್ಚರಿಯೆಂದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1976ರ ಮೊದಲ ಜಿಟಿಐಗೆ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಕೊಟ್ಟ ಚೌಕುಳಿ ಬಟ್ಟೆ ಮತ್ತು ಗಾಲ್ಫ್ ಚೆಂಡಿನ ಗೇರ್ ನಾಬ್ ಅದರ ಗುರುತೇ ಆಗಿಹೋಯಿತು. 2025ರಲ್ಲಿ ನಮ್ಮ ದೇಶಕ್ಕೆ ಬಂದ ಜಿಟಿಐಯಲ್ಲೂ ಆ ಚೌಕುಳಿಯ ವಂಶ ಉಳಿದಿದೆ. ಹೆಣೆದ ಬಟ್ಟೆ ಉಸಿರಾಡುತ್ತದೆ, ಬೆನ್ನು ಬೆವರುವುದಿಲ್ಲ, ತಿರುವಿನಲ್ಲಿ ಹಿಡಿಯುತ್ತದೆ, ಮೂರು ಬಣ್ಣದ ಗೆರೆಗಳಲ್ಲಿ ಕೆಸರಿನ ಹನಿ ಅಡಗುತ್ತದೆ. ಸ್ಟೀರಿಂಗಿನ ಮೇಲೆ ಟಚ್ ಹೋಗಿ ಒತ್ತುವ ಬಟನ್ ಮರಳಿ ಬಂದಿದೆ. ತಾಪಮಾನಕ್ಕೆ ಮಾತ್ರ ಇನ್ನೂ ಸವರುವ ಪಟ್ಟಿ. ಒದ್ದೆ ಬೆರಳಿಗೆ ಅದು ಮಾತು ಕೇಳುವುದಿಲ್ಲ.

ಪೋರ್ಷೆ 911ರಲ್ಲಿ 1965ರಿಂದಲೇ ಪೆಪಿಟಾ ಎಂಬ ಕಪ್ಪುಬಿಳಿ ಚೌಕುಳಿ ಬಟ್ಟೆ ಸಿಗುತ್ತಿತ್ತು. ಲೆದರಿಗೆ ದುಡ್ಡು ಸುರಿಯುವ ಮೊದಲು ಬಟ್ಟೆಯ ಆಯ್ಕೆ ಇದೆಯೇ ಎಂದು ಕೇಳುವುದರಲ್ಲಿ ಸಣ್ಣತನ ಏನೂ ಇಲ್ಲ. 911ರ ಈಚಿನ ತಲೆಮಾರಾದ 992ರ ಒಳಾಂಗಣದಲ್ಲಿ ಅಡ್ಡಗೆರೆಯ ಡ್ಯಾಶ್, ನಡುವೆ ಎಂಜಿನ್ನಿನ ಸುತ್ತು ತೋರುವ ಮುಳ್ಳಿನ ಟ್ಯಾಕೋಮೀಟರ್, ಪರದೆಯ ಕೆಳಗೆ ಸಾಲಾಗಿ ಐದು ಸ್ವಿಚ್ಚು, ಎಲ್ಲವೂ ನೋಡದೆಯೇ ಕೈಗೆ ಸಿಗುತ್ತವೆ. 2024ರ ಪರಿಷ್ಕರಣೆಯಲ್ಲಿ ಆ ಮುಳ್ಳು ಹೋಗಿ ಪೂರ್ತಿ ಪರದೆ ಬಂತು. ಕಾರು ಕೆಡಲಿಲ್ಲ, ರುಚಿ ಒಂದು ಚಿಟಿಕೆ ಕಡಿಮೆಯಾಯಿತು.

ಬಿಎಂಡಬ್ಲ್ಯು ಝಡ್4ರ ಬಟ್ಟೆಯ ಛಾವಣಿ 10 ಸೆಕೆಂಡಿನಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದ ಒಳಗೆ ಮಡಚಿಕೊಳ್ಳುತ್ತದೆ. ಒದ್ದೆ ಛಾವಣಿಯನ್ನು ಮಡಚಿ ಬಿಟ್ಟರೆ ಮಡಿಕೆಯಲ್ಲೇ ಕಪ್ಪು ಚುಕ್ಕೆ ಏಳುತ್ತದೆ, ತೊಳೆದರೆ ಹೋಗುವುದು ಕಷ್ಟ. ಛಾವಣಿಯ ನೀರು ಹೋಗುವ ಕೊಳವೆಗೆ ಎಲೆ ಸಿಕ್ಕಿದರೆ ನೀರು ಒಳಗಿಳಿದು ಕಾರ್ಪೆಟ್ಟಿನ ಕೆಳಗಿನ ಸ್ಪಂಜಿನಲ್ಲಿ ಕೂರುತ್ತದೆ. ಮರದ ಕೆಳಗೆ ನಿಲ್ಲಿಸುವವರಿಗೆ ಇದು ಸೂಕ್ತ ಕಾರಲ್ಲ. 2016ರಲ್ಲಿ ಇಲ್ಲಿಗೆ ಬಂದ ಫೋರ್ಡ್ ಮಸ್ಟಾಂಗ್ ಈಗ ಸೆಕೆಂಡ್ ಹ್ಯಾಂಡಿನಲ್ಲಿ ಮಾತ್ರ ಲಭ್ಯ. ಪ್ಲಾಸ್ಟಿಕ್ ಒರಟು, ಆದರೆ ವಿಮಾನದ ಕಾಕ್‌ಪಿಟ್ ಥರದ ಟಾಗಲ್ ಸ್ವಿಚ್ಚುಗಳು ಒದ್ದೆ ಬೆರಳಿಗೂ ಟಕ್ಕನೆ ಸಿಗುತ್ತವೆ.

ಕೈಗೆಟುಕುವ ಕಡೆ ನೋಡಿದರೆ ಹ್ಯುಂಡೈ ಐ20 ಎನ್ ಲೈನ್ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್. ಎರಡರಲ್ಲೂ ಕಪ್ಪಿನ ಮೇಲೆ ಕೆಂಪು ಗೆರೆ, ಲೋಹದ ಪೆಡಲ್. ಲೋಹದ ಪೆಡಲಿನಲ್ಲಿ ನೋಡಬೇಕಾದ್ದು ರಬ್ಬರ್ ಗುಬುಟು. ಕೆಸರು ಮೆತ್ತಿದ ಚಪ್ಪಲಿ ಬರಿಯ ಅಲ್ಯೂಮಿನಿಯಂ ಮೇಲೆ ಜಾರುತ್ತದೆ. ಗುಬುಟಿನ ಸಂದಿಗೆ ಮಣ್ಣು ಕೂತರೆ ಹಳೇ ಟೂತ್‌ಬ್ರಶ್ ಸಾಕು.

ಊರಿನ ಸೀಟ್ ಕವರ್ ಅಂಗಡಿಗೆ ಹೋಗುವವರು ಎರಡು ವಿಷಯ ಕೇಳಲೇಬೇಕು. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಚೀಟಿ ಇದ್ದರೆ ಆ ಕಡೆಯ ಹೊಲಿಗೆ ಹರಿದುಕೊಳ್ಳುವಂತೆ ಹೊಲಿದ ಕವರೇ ಆಗಬೇಕು, ಇಲ್ಲವಾದರೆ ಕವರು ಬೇಡ. ಎರಡನೆಯದು ಕಾಲಡಿಯ ನೆಲವನ್ನೆಲ್ಲ ಮುಚ್ಚಿ ಕೂರುವ 7ಡಿ ಮ್ಯಾಟ್. ಶಿವಮೊಗ್ಗ ಪೇಟೆಯಲ್ಲಿ ಅದು ನಡೆಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ಕಡೆಗೆ ಅದು ಶುದ್ಧ ತಪ್ಪು. ಮೇಲಿಂದ ಒಣಗಿದಂತೆ ಕಂಡರೂ ಕೆಳಗಿನ ಕಾರ್ಪೆಟ್ ತಿಂಗಳುಗಟ್ಟಲೆ ಒದ್ದೆಯಿರುತ್ತದೆ. ಅಂಚು ಎತ್ತರವಿರುವ, ಎತ್ತಿ ಕೊಡವಲು ಬರುವ ರಬ್ಬರ್ ಮ್ಯಾಟ್ ಹಾಕಿ. ಕಂಪನಿಯ ಬಟ್ಟೆ ಮ್ಯಾಟನ್ನು ಜೂನ್‌ನಲ್ಲಿ ಅಟ್ಟಕ್ಕೆ ಏರಿಸಿ. ಸೀಟಿನ ಕೆಳಗೆ ನೀರಿದೆಯೇ ತಿಳಿಯಲು ದಿನಪತ್ರಿಕೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾರ್ಪೆಟ್ ಮೇಲಿಟ್ಟು, ಹಿಮ್ಮಡಿಯಿಂದ ಒಂದು ನಿಮಿಷ ಒತ್ತಿ. ಹಾಳೆ ಮೆತ್ತಗಾದರೆ ಗಾಜಿನ ಬುಡದ ಮತ್ತು ಎಸಿಯ ನೀರಿನ ಕೊಳವೆ ನೋಡಿಸಬೇಕು. ಹಲವು ಕಾರುಗಳಲ್ಲಿ ಸೀಟಿನ ಕೆಳಗೇ ವೈರಿಂಗ್ ಕೂಡುವುದರಿಂದ ಇದನ್ನು ತಡ ಮಾಡುವ ಹಾಗಿಲ್ಲ.

ನಿಂತ ಕಾರಿಗೆ ವಾರಕ್ಕೊಮ್ಮೆ 20 ನಿಮಿಷ ಓಡಾಟ ಬೇಕು: ಎಸಿ ಹಾಕಿ, ಹೊರಗಾಳಿ ತೆರೆದು, ಬಿಸಿ ಕಡೆ ತಿರುಗಿಸಿ. ಕೊನೆಯ ಐದು ನಿಮಿಷ ಎಸಿ ಬಂದ್ ಮಾಡಿ ಬರಿಯ ಫ್ಯಾನ್ ಓಡಿಸಿದರೆ ಒಳಗಿನ ಕಾಯಿಲ್ ಒಣಗಿ ವಾಸನೆ ತಗ್ಗುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಓಡುವ ಕಾರಿನಲ್ಲಿ ಇಡಬಾರದು. ತಿರುವಿನಲ್ಲಿ ಮಗುಚಿದರೆ ಆ ಉಪ್ಪುನೀರು ಲೆದರನ್ನೂ ಲೋಹವನ್ನೂ ತಿನ್ನುತ್ತದೆ. ಬಟ್ಟೆ ಚೀಲದಲ್ಲಿ ಒಂದು ಕಿಲೋ ಸಿಲಿಕಾ ಜೆಲ್ ಇಟ್ಟು, ಆಗಾಗ ಬಿಸಿ ಮಾಡಿ ಒಣಗಿಸಿಕೊಂಡರೆ ಸಾಕು.

ಕಲೆಗಳಲ್ಲಿ ಬೇರೆ ಊರಿನವರಿಗೆ ಗೊತ್ತಿಲ್ಲದ್ದು ಉಂಬಳದ್ದು, ಅಂದರೆ ಕಾಡಿನ ಜಿಗಣೆಯದ್ದು. ಕಚ್ಚಿ ಬಿಟ್ಟ ಮೇಲೂ ರಕ್ತ ಹೆಪ್ಪುಗಟ್ಟದೆ ಸೋರುವುದರಿಂದ ಕಾಡು ಸುತ್ತಿ ಬಂದು ಕೂತವರ ಕಾಲ ಬಳಿ ಸೀಟಿನ ಅಂಚಿಗೆ ಕಲೆ ಆಗಿಯೇ ಆಗುತ್ತದೆ. ಬಿಸಿನೀರು ತಾಗಿಸಿದರೆ ರಕ್ತ ಎಳೆಯಲ್ಲೇ ಬೆಂದು ಕೂರುತ್ತದೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊರಗಿನಿಂದ ಒಳಕ್ಕೆ ಒತ್ತುತ್ತಾ, ಬಟ್ಟೆಯ ಮಗ್ಗುಲು ಬದಲಿಸುತ್ತಾ ತೆಗೆಯಬೇಕು, ಉಜ್ಜಬಾರದು. ಲೇಪದ ಚರ್ಮವಾದರೆ ಎರಡು ನಿಮಿಷದ ಕೆಲಸ, ಚೌಕುಳಿ ಬಟ್ಟೆಯಾದರೆ ಹತ್ತು ನಿಮಿಷ, ತಿಳಿ ಬಣ್ಣದ ಅಲ್ಕಾಂಟರಾ ಆದರೆ ಆ ಮಧ್ಯಾಹ್ನ ಪೂರ್ತಿ.