ಎನ್‌ಕ್ಯೂಟಿ ಅಣಕು ಪರೀಕ್ಷೆಗಳ ಆನ್‌ಲೈನ್ ಸರಣಿ: ಸಮಯಪಾಲನೆಗೆ ಒಳ್ಳೆಯದು, ಕೋಡಿಂಗ್‌ಗೆ ಸಾಲದು

ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ನೇಮಕಾತಿಗಾಗಿ ನಡೆಸುವ ನ್ಯಾಷನಲ್ ಕ್ವಾಲಿಫೈಯರ್ ಟೆಸ್ಟ್‌ಗೆ, ಅಂದರೆ ಎನ್‌ಕ್ಯೂಟಿಗೆ, ತಯಾರಾಗುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಸೂಚಿಸಬಹುದೇ ಎಂದು ನೋಡಲು ಈ ಸರಣಿಗೆ ನಾನೇ ಶುಲ್ಕ ಕಟ್ಟಿ ಸೇರಿದೆ. ಇದೇ ಅಚ್ಚಿನ ಸರಣಿಗಳು ಹತ್ತಾರು ಇರುವುದರಿಂದ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ಒಂದೇ ಪರೀಕ್ಷೆಯ ಅಂಕಗಳ ಆಧಾರದ ಮೇಲೆ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ಬೇರೆ ಬೇರೆ ಸಂಬಳದ ಹುದ್ದೆಗಳ ಹಾದಿ ಕವಲೊಡೆಯುವುದರಿಂದ, ಹೇಗೋ ತೇರ್ಗಡೆಯಾದರೆ ಸಾಕೆಂದು ಬರೆಯುವ ಪರೀಕ್ಷೆ ಇದಲ್ಲ.

ಇತ್ತೀಚಿನ ಮಾದರಿಯಲ್ಲಿ ಸಂಖ್ಯಾ ಸಾಮರ್ಥ್ಯದ ವಿಭಾಗಕ್ಕೆ 20 ಪ್ರಶ್ನೆ, 25 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 75 ಸೆಕೆಂಡು. ಸಮಯ ಮುಗಿದೊಡನೆ ವಿಭಾಗ ತಾನಾಗಿಯೇ ಮುಚ್ಚಿಕೊಳ್ಳುವ ವ್ಯವಸ್ಥೆಯನ್ನು ಸರಣಿಯವರು ಅಚ್ಚುಕಟ್ಟಾಗಿ ಅಳವಡಿಸಿದ್ದಾರೆ. ಲೆಕ್ಕಗಳ ವಿವರಣೆಯೂ ಚೆನ್ನಾಗಿದೆ. ಒಂದು ನಲ್ಲಿ 12 ಗಂಟೆಯಲ್ಲಿ, ಇನ್ನೊಂದು 15 ಗಂಟೆಯಲ್ಲಿ ತೊಟ್ಟಿ ತುಂಬಿಸಿದರೆ ಎರಡೂ ಸೇರಿ ಎಷ್ಟು ಹೊತ್ತು ಎಂಬ ಹಳೆಯ ಲೆಕ್ಕವನ್ನೇ ನೋಡಿ: ಭಿನ್ನರಾಶಿಗೆ ಕೈಹಾಕದೆ, ತೊಟ್ಟಿಯ ಗಾತ್ರವನ್ನು ಲಸಾಅ ಆದ 60 ಎಂದಿಟ್ಟುಕೊಂಡು, ಗಂಟೆಗೆ 5 ಮತ್ತು 4 ಸೇರಿ 9 ಭಾಗ ತುಂಬುತ್ತದೆಂದು ತೋರಿಸಿ, 6 ಗಂಟೆ 40 ನಿಮಿಷದ ಉತ್ತರಕ್ಕೆ ಎರಡೇ ಸಾಲಿನಲ್ಲಿ ತಲುಪಿಸುತ್ತಾರೆ.

ನನ್ನ ತಕರಾರು ಕೋಡಿಂಗ್ ವಿಭಾಗದ್ದು. ಇಲ್ಲಿ ಕಣ್ಣಿಗೆ ಕಾಣುವ ಟೆಸ್ಟ್ ಕೇಸ್‌ಗಳಲ್ಲದೆ (ಪ್ರೋಗ್ರಾಮ್ ಸರಿಯೇ ಎಂದು ನೋಡಲು ಅದಕ್ಕೆ ಕೊಡುವ ಇನ್‌ಪುಟ್‌ಗಳು) ಮರೆಯಲ್ಲಿರುವ ಕೇಸ್‌ಗಳೂ ಇರುತ್ತವೆ. ಫ್ಯಾಕ್ಟೋರಿಯಲ್, ಅಂದರೆ 1ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ, ಕಂಡುಹಿಡಿಯುವ ಪ್ರೋಗ್ರಾಮಿನಲ್ಲಿ ಸಾಮಾನ್ಯ 32 ಬಿಟ್ ಇಂಟಿಜರ್ ಬಳಸಿದರೆ 12ರ ತನಕ ಉತ್ತರ ಸರಿಯಾಗಿಯೇ ಬರುತ್ತದೆ. 13ರ ಫ್ಯಾಕ್ಟೋರಿಯಲ್ ಆ ಇಂಟಿಜರ್ ಹಿಡಿದಿಡಬಲ್ಲ ಮಿತಿಯನ್ನು ಮೀರುವುದರಿಂದ ತಪ್ಪು ಸಂಖ್ಯೆ ಮೂಡುತ್ತದೆ. ಬೇಕೆಂದೇ ಹೀಗೆ ಬರೆದು ಒಪ್ಪಿಸಿದಾಗ ಬಂದದ್ದು ‘ಭಾಗಶಃ ಸರಿ’ ಎಂಬ ಒಂದೇ ಸಾಲು. ಅಸಲಿ ಪರೀಕ್ಷೆಯಲ್ಲಿ ಮೌನ ಸಹಜ. ಹಣ ಪಡೆದು ಅಭ್ಯಾಸ ಮಾಡಿಸುವವರು ಯಾವ ಬಗೆಯ ಇನ್‌ಪುಟ್‌ನಲ್ಲಿ ಪ್ರೋಗ್ರಾಮ್ ಎಡವಿತು ಎಂಬುದನ್ನು ಪರೀಕ್ಷೆ ಮುಗಿದ ಮೇಲಾದರೂ ಹೇಳಬೇಡವೇ? ‘ಸಂಖ್ಯೆಯನ್ನು ನಮೂದಿಸಿ’ ಎಂಬಂಥ ಸೂಚನೆಯನ್ನು ಪ್ರೋಗ್ರಾಮ್ ಮುದ್ರಿಸಿದರೆ ಔಟ್‌ಪುಟ್ ಹೊಂದದೆ ಇಡೀ ಉತ್ತರವೇ ತಪ್ಪೆನಿಸುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಆ ಸಾಲನ್ನು ಬರೆಯಲೇಬೇಕೆಂದು ನಾವೇ ಕಲಿಸಿರುತ್ತೇವೆ, ಆ ಮಾತು ಬೇರೆ. ಈ ಎಚ್ಚರಿಕೆ ಸರಣಿಯಲ್ಲಿ ಎಲ್ಲಿಯೂ ಇಲ್ಲ.

ಇಂಗ್ಲಿಷ್ ವಿಭಾಗದ ವಿವರಣೆಗಳು ಸರಿಯುತ್ತರದ ಅಕ್ಷರವನ್ನು ಹೇಳಿ ಸುಮ್ಮನಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ನೆರವು ಹೆಚ್ಚು ಬೇಕಾದದ್ದೇ ಅಲ್ಲಿ. ಪ್ರತಿ ಪರೀಕ್ಷೆಯ ಕೊನೆಗೆ ಕೊಡುವ ಪರ್ಸೆಂಟೈಲ್ ಕೂಡ ಈ ಸರಣಿಯ ಚಂದಾದಾರರ ನಡುವಿನ ಸ್ಥಾನವೇ ಹೊರತು ಅಸಲಿ ಸ್ಪರ್ಧಿಗಳ ನಡುವಿನದಲ್ಲ.

ಲೆಕ್ಕ ಬರುತ್ತದೆ, ವೇಗ ಸಾಲದು ಎನ್ನುವವರು ಒಂದು ತಿಂಗಳ ಚಂದಾ ಪಡೆಯಬಹುದು. ವಾರ್ಷಿಕ ಚಂದಾದಲ್ಲಿ ಹೆಚ್ಚುವರಿಯಾಗಿ ಸಿಗುವ ಪರೀಕ್ಷೆಗಳು ಬಹುಪಾಲು ಅವೇ ಪ್ರಶ್ನೆಗಳು, ಅಂಕಿಗಳಷ್ಟೇ ಬೇರೆ.