ಚೊಕ್ಕಸಂದ್ರದ ಹಳೇ ಸೈಕಲ್ ಅಂಗಡಿ: 2,800 ರೂಪಾಯಿಯ ಲೇಡೀಸ್ ಸೈಕಲ್ ಹೇಗಿದೆ?

ಅಂಗಡಿಗೆ ಬೋರ್ಡ್ ಇಲ್ಲ. ಬೆಂಗಳೂರಿನ ಟಿ. ದಾಸರಹಳ್ಳಿಯಿಂದ ಚೊಕ್ಕಸಂದ್ರದ ಕಡೆ ಬರುವಾಗ ಹಾಲಿನ ಬೂತ್ ಪಕ್ಕ ನಾಲ್ಕೈದು ಸೈಕಲ್ ಗೋಡೆಗೆ ಒರಗಿಸಿಟ್ಟಿರುತ್ತಾರೆ, ಅದೇ. ಹಳೇದನ್ನು ತಗೊಂಡು ರಿಪೇರಿ ಮಾಡಿ ಮಾರುತ್ತಾರೆ. ಹೋದ ವರ್ಷ ಜೂನ್‌ನಲ್ಲಿ ಅಲ್ಲಿ ಒಂದು ಲೇಡೀಸ್ ಸೈಕಲ್ ತಗೊಂಡೆ. ಒಂದು ವರ್ಷ ಓಡಿದ ಮೇಲೆ ಬರೆಯುತ್ತಿದ್ದೇನೆ.

ಸೈಕಲ್ ನನಗಲ್ಲ, ನಮ್ಮ ಶಾಲೆ ಮುಗಿಸಿದ ಒಬ್ಬ ಹುಡುಗಿಗೆ. ನಾನು ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ನಮ್ಮಲ್ಲಿ ಇರುವುದು 7ನೇ ಕ್ಲಾಸಿನವರೆಗೆ. ಆಮೇಲೆ ಟಿಸಿ ತಗೊಂಡು ಹೈಸ್ಕೂಲಿಗೆ ಸೇರಬೇಕು. ಪ್ರತಿ ವರ್ಷ ಟಿಸಿ ಬರೆಯುವಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ. ಗಂಡುಮಕ್ಕಳು ಹೇಗೋ ನಡೆದೋ, ಯಾರದೋ ಗಾಡಿ ಹಿಂದೆ ಕೂತೋ ಹೋಗಿಬಿಡುತ್ತಾರೆ. ಎಷ್ಟೋ ಹುಡುಗಿಯರ ಟಿಸಿ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ.

ಈ ಹುಡುಗಿಯ ಅಪ್ಪ ಅಮ್ಮ ರಾಯಚೂರು ಕಡೆಯವರು, ಕಟ್ಟಡದ ಕೆಲಸ, ಶೆಡ್ಡಿನಲ್ಲಿ ವಾಸ. ಹೈಸ್ಕೂಲ್ ಮೂರೂವರೆ ಕಿಲೋಮೀಟರ್. "ಹೆಣ್ಣುಮಗಳ್ನ ಅಷ್ಟು ದೂರ ಒಬ್ಬಾಕಿನ್ನ ಹೆಂಗ ಕಳಸೋದ್ರೀ ಟೀಚರ್" ಅಂದರು ಅಪ್ಪ. ಓದಿಸಬಾರದು ಅಂತ ಅವರಿಗೇನೂ ಇರಲಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ, ಹೌದು. ಆದರೆ ಶೆಡ್ಡಿನಿಂದ ಬಸ್ ಸ್ಟಾಪಿಗೇ ಒಂದೂವರೆ ಕಿಲೋಮೀಟರ್ ನಡೆಯಬೇಕು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷ ಅನ್ನುತ್ತದೆ, ಇವಳಿಗೆ ಆಗ 13. ಕಾಯ್ದೆ ಇದ್ದೂ ದಾರಿ ದೂರ ಇದ್ದರೆ ಮಗು ಮನೆಯಲ್ಲೇ ಅಲ್ವಾ?

ಮೊದಲು ನಾನು ಗುಬ್ಬಿ ಕಡೆ ಕೆಲಸದಲ್ಲಿದ್ದೆ. 2006-07ರಲ್ಲಿ ಸರ್ಕಾರ 8ನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಹುಡುಗಿಯರು ಸಾಲಾಗಿ ಸೈಕಲ್ ಹೊಡೆದುಕೊಂಡು ಬರುವುದನ್ನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಕೊರೊನಾ ಸಮಯದಲ್ಲಿ ಅದು ನಿಂತಿತು. ಬಿಹಾರದಲ್ಲೂ 2006ರಲ್ಲೇ 9ನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಟ್ಟರು. ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಸಂಶೋಧಕರು ಲೆಕ್ಕ ಹಾಕಿದಾಗ, ಹೈಸ್ಕೂಲಿಗೆ ಸೇರುವ ಹುಡುಗಿಯರು ಶೇ 32ರಷ್ಟು ಜಾಸ್ತಿಯಾಗಿದ್ದರು. ಶಾಲೆ ದೂರ ಇದ್ದ ಊರುಗಳಲ್ಲೇ ಹೆಚ್ಚು ಬದಲಾವಣೆ ಕಂಡಿತ್ತು. ಅದಕ್ಕೇ ನಾವು ಮೂವರು ಟೀಚರ್‌ಗಳು ದುಡ್ಡು ಹಾಕಿ ಈ ಸೈಕಲ್ ಕೊಂಡೆವು.

ಇನ್ನು ಅಂಗಡಿ ವಿಷಯ. ಯಜಮಾನರಿಗೆ ಅರವತ್ತು ದಾಟಿರಬೇಕು. "ಯಾರು ಓಡಿಸ್ತಾರೋ ಅವರನ್ನ ಕರ್ಕೊಂಡು ಬನ್ನಿ ಮೇಡಂ" ಅಂದರು. ಕರೆದುಕೊಂಡು ಹೋದೆ. ಸೀಟಿನ ಮೇಲೆ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗುವ ಹಾಗೆ ಸೀಟ್ ಇಳಿಸಿದರು. ಅವಳ ಚೂಡಿದಾರದ ವೇಲ್ ಕಡೆ ಒಂದು ಸಲ ನೋಡಿದರು. ಒಳಗಿನಿಂದ ನೈಲಾನ್ ಬಲೆ ತಂದು ಹಿಂದಿನ ಚಕ್ರದ ಎರಡೂ ಪಕ್ಕ ಬಿಗಿದು ಕಟ್ಟಿದರು, ವೇಲ್ ಕಡ್ಡಿಗೆ ಸಿಗಬಾರದು ಅಂತ. ನನಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ಬೇಕಂತಲೇ ಚೈನ್ ಬೀಳಿಸಿ "ಹಾಕಮ್ಮಾ" ಅಂದರು. ಅವಳು ಒಂದು ಸಣ್ಣ ಕೋಲು ಹಿಡಿದು ಹಾಕಿದಳು. ಮತ್ತೆ ಬೀಳಿಸಿದರು. ಮೂರನೇ ಸಲಕ್ಕೆ ಕೈಗೆ ಎಣ್ಣೆ ಹತ್ತದ ಹಾಗೆ ಹಾಕಲು ಕಲಿತಿದ್ದಳು. "ದಾರೀಲಿ ಬಿದ್ರೆ ಯಾರಿಗೂ ಕಾಯಬಾರದು" ಅಂದರು. ಇದಕ್ಕೆಲ್ಲ ಬೇರೆ ದುಡ್ಡು ಕೇಳಲಿಲ್ಲ.

ಬೇಜಾರಾದದ್ದೂ ಇದೆ. ಹೇಳಿದ ದಿನಕ್ಕೆ ಸೈಕಲ್ ಕೊಡಲಿಲ್ಲ, ಐದು ದಿನ ತಡ. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಆ ಐದೂ ದಿನ ಅವಳು ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಕೂತಿದ್ದಳು. ಒಂದು ಸಲ ಹಾಗೆ ಕೂತ ಹುಡುಗಿ ಮತ್ತೆ ಏಳುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಮೇ ತಿಂಗಳಲ್ಲೇ ಹೇಳಿಡಿ. ಹಿಂದಿನ ಬ್ರೇಕ್ ರಬ್ಬರ್ ಎರಡೇ ವಾರಕ್ಕೆ ಸವೆಯಿತು, ಬದಲಾಯಿಸಿ ಕೊಟ್ಟರು. ಬೀಗ ನಾವೇ ತಗೋಬೇಕು. ಬಿಲ್ ಕೊಡುವುದಿಲ್ಲ.

ವರ್ಷದಲ್ಲಿ ಎರಡು ಪಂಕ್ಚರ್, ಒಂದು ಟ್ಯೂಬ್. ಅಷ್ಟೇ ಖರ್ಚು. ಅವಳು ಈಗ 9ನೇ ಕ್ಲಾಸು. ಸೀಟ್ ಎರಡು ಇಂಚು ಎತ್ತರಿಸಿದ್ದಾರೆ. ಕ್ಯಾರಿಯರ್ ಮೇಲೆ ಪಕ್ಕದ ಶೆಡ್ಡಿನ ಹುಡುಗಿಯೂ ಕೂತು ಹೋಗುತ್ತಾಳೆ. ಅವಳಿಗೂ ಒಂದು ಬೇಕು ಅಂತ ಮೊನ್ನೆ ಹೇಳಿಟ್ಟು ಬಂದೆ, ಮುಂಗಡ 500 ಕೊಟ್ಟಿದ್ದೇನೆ.