ಘಟ್ಟದ ಮೇಲಿನ ಹಳೆ ಬ್ರೆಝಾ, ಶೋರೂಮಿನ ಹೊಸ ನೆಕ್ಸಾನ್, ಕಡಲ ಬದಿಯ ಅಗ್ಗದ ಗಾಡಿ

ನನ್ನ ಹಿಂದಿನ ಗಾಡಿಯ ಸೈಲೆನ್ಸರ್ ಕಳಚಿ ಬಿದ್ದಿದ್ದು ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ. ಜುಲೈ ಮಳೆ, ಸಂಜೆ ಐದೂವರೆ, ಬೆನ್ನಿಗೇ ಒಂದು ಸಿಮೆಂಟ್ ಲಾರಿ. ಮೊದಲು ಯಾರೋ ಡಬ್ಬ ಎಳೆದುಕೊಂಡು ಹೋಗುತ್ತಿದ್ದಾರೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಎಳೆಯುತ್ತಿರುವುದು ನಾನೇ. ಲಾರಿಯವನು ಪಾಪ, ಬೈಯದೆ ಇಳಿದು ಬಂದು ತಂತಿ ಕೊಟ್ಟ. ಇಬ್ಬರೂ ಒದ್ದೆಯಾಗುತ್ತಾ ಅಡಿಯಲ್ಲಿ ಬಗ್ಗಿ ಅದನ್ನು ಕಟ್ಟಿದೆವು. ಹೆಂಡತಿ ಒಳಗೆ ಕೂತು ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟ.

ಆ ಗಾಡಿಯನ್ನು 2021ರಲ್ಲಿ ಘಟ್ಟದ ಕೆಳಗೆ ತಗೊಂಡಿದ್ದೆ. ಸೆಕೆಂಡ್ ಹ್ಯಾಂಡ್. ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಮರುದಿನ ಶಿರಸಿಯ ಗ್ಯಾರೇಜಿನಲ್ಲಿ ಲಿಫ್ಟಿಗೆ ಏರಿಸಿದಾಗ ಮೆಕ್ಯಾನಿಕ್ ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಹಲಸಿನ ಹಣ್ಣಿಗೆ ಚಾಕು ಇಳಿದ ಹಾಗೆ ಇಳಿಯಿತು. ಗಾಡಿಯ ಹೆಸರು ಬೇಡ. ತಪ್ಪು ಕಂಪನಿಯದ್ದಲ್ಲ, ಕಡಲಿನದ್ದು. ಸ್ವಲ್ಪ ನನ್ನದೂ ಹೌದು, ಬಗ್ಗಿ ನೋಡದೆ ದುಡ್ಡು ಕೊಟ್ಟಿದ್ದಕ್ಕೆ.

ಹಾಗಾಗಿ ಈ ಸಲ ಮೂರು ದಾರಿ ಇಟ್ಟುಕೊಂಡು ಹೊರಟೆ. ಟಾಟಾದ ಹೊಸ ಪೆಟ್ರೋಲ್ ನೆಕ್ಸಾನ್. ಕಾರವಾರದ ಕಡೆಯ ಇನ್ನೊಂದು ಅಗ್ಗದ ಗಾಡಿ (ಹೌದು, ಮತ್ತೆ ಅದೇ ಆಸೆ). ಮತ್ತೆ ಶಿರಸಿ ಕಡೆಯದ್ದೇ 2018ರ ಮಾರುತಿ ಡೀಸೆಲ್ ಬ್ರೆಝಾ. ಈಗ ಅಂಗಳದಲ್ಲಿ ನಿಂತಿರುವುದು ಬ್ರೆಝಾ. ಮನಸ್ಸು ಮೊದಲ ದಿನದಿಂದಲೂ ಅದರ ಮೇಲೇ ಇತ್ತು, ಉಳಿದ ಎರಡನ್ನು ನೋಡಿದ್ದು ಮುಕ್ಕಾಲು ಪಾಲು ಮನೆಯವರ ಸಮಾಧಾನಕ್ಕೆ. ಹೀಗೆ ಮೊದಲೇ ಪಕ್ಷ ಹಿಡಿದವನ ಮಾತು ಅಂತ ತಿಳಿದೇ ಓದಿ.

ನಮ್ಮ ಓಡಾಟ ಇಷ್ಟು. ಮನೆಯಿಂದ ಶಿರಸಿ ಪೇಟೆಗೆ ಒಂಬತ್ತು ಕಿಲೋಮೀಟರ್, ಹೆಚ್ಚುಕಮ್ಮಿ ದಿನಾ. ತಿಂಗಳಿಗೆ ಎರಡು ಸಲ ಕಾರವಾರ, ಮಗಳು ಅಲ್ಲಿ ಓದುತ್ತಿದ್ದಾಳೆ. ಆಯಿಗೆ ಮೊಣಕಾಲು ನೋವು, ತಗ್ಗಿನ ಸೀಟಿನಿಂದ ಏಳಲು ಆಗುವುದಿಲ್ಲ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಒಂದು ಕಡೆ ಕೆಂಪು ಕಲ್ಲಿನ ಕಟ್ಟೆ, ಇನ್ನೊಂದು ಕಡೆ ಬಿದಿರಿನ ಬೇಲಿ, ಕೊನೆಗೆ ಪಾಚಿ ಕಟ್ಟುವ ಒಂದು ಏರು. ಕೈಯಲ್ಲಿದ್ದದ್ದು ಎಂಟು ಲಕ್ಷ, ಅದೂ ಅಡಿಕೆ ಕೊಟ್ಟ ದುಡ್ಡು. ಸಾಲ ಬೇಡ ಅಂತ ಮೊದಲೇ ತೀರ್ಮಾನ.

ನೆಕ್ಸಾನ್ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಹೆಂಡತಿಯ ಮತ ಅದಕ್ಕೇ ಇತ್ತು. ಅವಳ ವಾದದಲ್ಲಿ ಹುರುಳಿತ್ತು. 2018ರಲ್ಲಿ ಗಾಡಿಯನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 5 ಸ್ಟಾರ್ ತಗೊಂಡ ಗಾಡಿ ಅದು, ಭಾರತದಲ್ಲಿ ತಯಾರಾದವುಗಳಲ್ಲಿ ಮೊದಲನೆಯದು. ಅದೇ ವರ್ಷ ಬ್ರೆಝಾಕ್ಕೆ ಬಂದಿದ್ದು 4. ಈಗಿನ ನೆಕ್ಸಾನಿನ ಎಲ್ಲ ಮಾದರಿಗೂ 6 ಏರ್‌ಬ್ಯಾಗ್. ಹಳೆ ಬ್ರೆಝಾದಲ್ಲಿ ಎರಡೇ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಬೆಲೆಯೂ ಆಸೆ ಹುಟ್ಟಿಸುವ ಹಾಗೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಮೊದಲು ಸೆಸ್ ಸೇರಿ 29 ಇತ್ತು. ನೆಕ್ಸಾನ್ ಎಂಜಿನ್ 1,199 ಸಿಸಿ, ಗೆರೆಯ ಒಳಗೆ ಬಂತು. ಹೊಸ ಬ್ರೆಝಾದ ಪೆಟ್ರೋಲ್ ಎಂಜಿನ್ 1,462 ಸಿಸಿ, ಗೆರೆಯ ಹೊರಗೆ ಉಳಿದು ಶೇ 40 ಕಟ್ಟುತ್ತದೆ. ಹೊಸ ಬ್ರೆಝಾ ನನ್ನ ಪಟ್ಟಿಯಿಂದ ಬಿದ್ದಿದ್ದು ಅಲ್ಲೇ.

ಭಾವ ಹೊಸ ನೆಕ್ಸಾನ್ ತಗೊಂಡಿದ್ದ. ಎರಡು ದಿನಕ್ಕೆ ಕೇಳಿ ತಂದೆ. ಶೋರೂಮಿನವರ ಟೆಸ್ಟ್ ಡ್ರೈವ್ ಪೇಟೆಯಲ್ಲಿ ಒಂದು ಸುತ್ತು, ಅಷ್ಟೇ. ಅದರಲ್ಲಿ ಎಸಿ ತಣ್ಣಗಿದೆಯಾ ಅಂತ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಕುಮಟಾಕ್ಕೆ ಇಳಿದು ಮತ್ತೆ ಹತ್ತಿದೆ. ಗಾಡಿ ಗಟ್ಟಿ. ಬಾಗಿಲು ಹಾಕಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಗುಂಡಿ ರಸ್ತೆಯಲ್ಲಿ ಹೊಟ್ಟೆ ಕುಲುಕುವುದಿಲ್ಲ. ಆಯಿ ಕೂಡ ಸಲೀಸಾಗಿ ಹತ್ತಿ ಇಳಿದರು. ಘಟ್ಟದಲ್ಲಿ ಟರ್ಬೊ ಪೆಟ್ರೋಲ್ ಚೆನ್ನಾಗಿ ಎಳೆಯಿತು. ಆದರೆ ಹಾಗೆ ಎಳೆಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುವುದು ಇದ್ದದ್ದೇ. ಹತ್ತುವಾಗ ಮೀಟರ್ ಲೀಟರಿಗೆ 10, 11 ಕಿಲೋಮೀಟರ್ ತೋರಿಸಿತು. ಎರಡೂ ದಿನ ಸೇರಿ 13.

ನನ್ನ ಮನಸ್ಸು ತಿರುಗಿದ್ದು ಘಟ್ಟದಲ್ಲಲ್ಲ, ನಮ್ಮ ಮನೆಯ ದಾರಿಯಲ್ಲಿ. ಬಿದಿರಿನ ಗೆಣ್ಣೊಂದು ಹೊರಗೆ ಚಾಚಿತ್ತು. ನಿಧಾನವಾಗಿಯೇ ಬರುತ್ತಿದ್ದೆ. ಎಡಗಡೆ ಹಿಂದಿನ ಬಾಗಿಲಿಗೆ ಕರ್‌ ಅಂತ ಒಂದು ಗೆರೆ ಬಿತ್ತು, ಗೇಣುದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹಿಂದಿನ ಗಾಡಿಗೆ ಅಂಥವು ಹದಿನೈದಿದ್ದವು, ಒಂದಕ್ಕೂ ನಾನು ತಲೆಕೆಡಿಸಿಕೊಂಡವನಲ್ಲ. ಹೊಸ ಗಾಡಿ ತಂದರೆ ಮೊದಲು ಬೇಲಿ ಹಿಂದೆ ಸರಿಸಬೇಕು, ಬೇಲಿ ಸರಿಸಬೇಕೆಂದರೆ ಪಕ್ಕದ ತೋಟದವರ ಹತ್ತಿರ ಮಾತಾಡಬೇಕು. ಆ ಮಾತು ನಮ್ಮ ಅಪ್ಪಯ್ಯನ ಕಾಲದಿಂದ ಬಾಕಿ ಇದೆ.

ಮತ್ತೆ ದುಡ್ಡು. ಆಗ ನೆಕ್ಸಾನಿನ ಶೋರೂಮ್ ಬೆಲೆ 7.32 ಲಕ್ಷದಿಂದ ಶುರುವಾದರೂ ಹೆಂಡತಿ ಇಷ್ಟಪಟ್ಟ ಮಾದರಿ ರೋಡಿಗೆ ಇಳಿಯುವಾಗ ಹತ್ತು ದಾಟುತ್ತಿತ್ತು. ನಮ್ಮ ರಾಜ್ಯದ ರಸ್ತೆ ತೆರಿಗೆ ಗೊತ್ತಲ್ಲ. ಎರಡು ಲಕ್ಷಕ್ಕೆ ಐದು ವರ್ಷ ಕಂತು ಕಟ್ಟುವುದು ಬೇಡ ಅನ್ನಿಸಿತು.

ಹೊಸ ಡೀಸೆಲ್ ಯಾಕೆ ನೋಡಲಿಲ್ಲ ಅಂತ ಕೇಳುವವರಿಗೆ: ಡಿಪಿಎಫ್. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಹೊಸ ನಿಯಮ) ಡೀಸೆಲ್ ಗಾಡಿಗೆ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ದಿನಾ ಒಂಬತ್ತು ಕಿಲೋಮೀಟರ್ ಹೋಗಿ ಎಂಜಿನ್ ಆಫ್ ಮಾಡುವವನಿಗೆ ಅದು ಹೇಳಿಮಾಡಿಸಿದ್ದಲ್ಲ.

ಇನ್ನು ಕಡಲ ಬದಿಯ ಗಾಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಕಾರವಾರ ಪಕ್ಕದ ಸದಾಶಿವಗಡದಲ್ಲಿ ಗೋವಾ ನಂಬರಿನ ಒಂದು ಡೀಸೆಲ್ ಗಾಡಿ ಇದೆ ಅಂತ ಮಗಳ ರೂಮಿನ ಮಾಲೀಕರು ಹೇಳಿದರು. 2019ರದ್ದು, ಓಡಿದ್ದು 48 ಸಾವಿರ, ಕೇಳಿದ್ದು 5.25 ಲಕ್ಷ. ಅದೇ ಗಾಡಿ ಶಿರಸಿಯಲ್ಲಾದರೆ ಆರೂವರೆಗೆ ಕಡಿಮೆ ಕೊಡುತ್ತಿರಲಿಲ್ಲ. ಗೋವಾದ ಗಾಡಿ ಅಗ್ಗ ಅನ್ನಿಸುವುದಕ್ಕೆ ಒಂದು ಕಾರಣ ಎಲ್ಲರಿಗೂ ಗೊತ್ತು. ಅಲ್ಲಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತರಬೇಕು, ಹನ್ನೆರಡು ತಿಂಗಳ ಒಳಗೆ ಇಲ್ಲಿ ಹೊಸ ನಂಬರ್ ಹಾಕಿಸಬೇಕು, ಗಾಡಿಯ ವಯಸ್ಸು ನೋಡಿ ನಮ್ಮ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಸೇರಿಸಿದರೆ ಉಳಿತಾಯ ಅರ್ಧ ಕರಗುತ್ತದೆ. ಇರಲಿ, ಅದು ಲೆಕ್ಕದ ವಿಷಯ. ನಾನು ಹೋಗಿದ್ದು ಅಡಿ ನೋಡಲು.

ಹಳೆ ಲುಂಗಿ, ಟಾರ್ಚ್, ಒಂದು ಉದ್ದದ ಸ್ಕ್ರೂಡ್ರೈವರ್ ತಗೊಂಡು ಹೋಗಿದ್ದೆ. ಮಾಲೀಕರು ಮರ್ಯಾದಸ್ಥರು, ಚಹಾ ಕೊಟ್ಟರು. ನಾನು ಲುಂಗಿ ಹಾಸಿ ಅಡಿಗೆ ಹೋದಾಗ ಮಾತ್ರ ಅವರ ಮುಖ ಸಣ್ಣಗಾಯಿತು.

ಅಡಿಯಲ್ಲಿ ಹೊಸ ಕಪ್ಪು ಬಣ್ಣ. ಇದು ಮೊದಲ ಎಚ್ಚರಿಕೆ. ಆರು ವರ್ಷದ ಗಾಡಿಯ ಅಡಿ ಮಣ್ಣಿನ ಬಣ್ಣದಲ್ಲಿರಬೇಕು, ದೋಸೆ ಕಾವಲಿಯ ಹಾಗೆ ಮಿರುಗಬಾರದು. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಬಂದೆ. ಗಟ್ಟಿ ತಗಡು ಟಣ್ ಅನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಜಾಕ್ ಇಡುವ ಜಾಗದ ಪಕ್ಕದಲ್ಲಿ, ಸದ್ದು ಡಬ್ ಅಂತ ಬದಲಾಯಿತು. ಇನ್ನೊಂದು ಸಲ ಬಡಿದೆ. ಬಣ್ಣದ ಒಂದು ಚಕ್ಕೆ ಎದ್ದು, ಅದರ ಹಿಂದೆ ಕಂದು ಪುಡಿ ಅಡಿಕೆ ಸಿಪ್ಪೆಯ ಧೂಳಿನ ಹಾಗೆ ಕನ್ನಡಕದ ಮೇಲೆ ಸುರಿಯಿತು. ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು ಪದರು ಪದರಾಗಿ ಎದ್ದಿತ್ತು. ಸೈಲೆನ್ಸರ್ ಜೋಡಣೆಯ ಬೋಲ್ಟುಗಳಿಗೆ ಆರು ಮೂಲೆಯೇ ಉಳಿದಿರಲಿಲ್ಲ, ಗುಂಡಗೆ ಆಗಿದ್ದವು. ನನಗೆ ದೇವಿಮನೆ ನೆನಪಾಯಿತು.

ಸಮುದ್ರದ ಹತ್ತಿರ ಇದ್ದರೆ ತುಕ್ಕು ಅನ್ನುವುದು ಎಲ್ಲರೂ ಹೇಳುವ ಮಾತು. ಆದರೆ ನೀರಿನಲ್ಲಿ ನೆನೆದ ತುಕ್ಕಿಗಿಂತ ಉಪ್ಪು ಗಾಳಿಯ ತುಕ್ಕು ಕೆಟ್ಟದ್ದು. ನೀರು ಬಿಸಿಲಿಗೆ ಒಣಗುತ್ತದೆ. ಉಪ್ಪು ಬೆಸುಗೆಯ ಸಂದಿಯಲ್ಲಿ ಕೂತು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತಾ ಇರುತ್ತದೆ. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ತಿನ್ನುತ್ತದೆ. ಇದರ ಮೇಲೆ ಮೀನು ಲಾರಿ. ಹೆದ್ದಾರಿ 66ರಲ್ಲಿ ಮೀನು ಲಾರಿಯ ಹಿಂದೆ ಹತ್ತು ನಿಮಿಷ ಹೋದವರಿಗೆ ಹೇಳುವುದೇ ಬೇಡ. ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ, ಅದು ಸುರಿಸುವ ಉಪ್ಪಿನ ಐಸ್ ನೀರು ನಮ್ಮ ಗಾಡಿಯ ಹೊಟ್ಟೆಗೆ ಹಾರುವುದು ಕಾಣುವುದಿಲ್ಲ.

ಇನ್ನೊಂದು ನೋಡಬೇಕು. 2019ರ ಆಗಸ್ಟ್‌ನಲ್ಲಿ ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ಎರಡೂ ನದಿ ಉಕ್ಕಿದ್ದವು. ಆಗ ಮುಳುಗಿದ ಗಾಡಿಗಳೂ ತೊಳೆದು ಮಾರಾಟಕ್ಕೆ ಬಂದಿರಬಹುದು ಅಲ್ವಾ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಕಂಡರೆ ಚಹಾ ಕುಡಿದು ಎದ್ದು ಬನ್ನಿ. ಸದಾಶಿವಗಡದ ಗಾಡಿಯಲ್ಲಿ ಅದೇನೂ ಇರಲಿಲ್ಲ, ಅಷ್ಟು ಪುಣ್ಯ.

ಮಾಲೀಕರು ಐದಕ್ಕೆ ಇಳಿದರು. ನಾಲ್ಕೂವರೆಗೆ ಕೊಟ್ಟಿದ್ದರೂ ತಗೊಳ್ಳುತ್ತಿರಲಿಲ್ಲ. ವಾಪಸ್ ಬರುವಾಗ ಕಾಳಿ ಸೇತುವೆ ದಾಟುವವರೆಗೂ ಹೆಂಡತಿ ನನ್ನ ಬೆನ್ನಿನ ಮೇಲಿನ ತುಕ್ಕು ಕೊಡವುತ್ತಿದ್ದಳು.

ಹಾಗಂತ ಘಟ್ಟದ ಮೇಲಿನ ಗಾಡಿಗೆ ತುಕ್ಕೇ ಇಲ್ಲ ಅಂತಲ್ಲ. ನಮ್ಮಲ್ಲಿ ಚಕ್ರದ ಗೂಡಿನೊಳಗೆ ಕೆಂಪು ಮಣ್ಣು ಮೆತ್ತಿಕೊಂಡು ನಾಲ್ಕು ತಿಂಗಳು ಒದ್ದೆಯಾಗೇ ಇರುತ್ತದೆ, ಅಲ್ಲಿ ಹಿಡಿಯುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ಜಾಗ. ಪೈಪ್ ಹಿಡಿದು ತೊಳೆದರೆ ಆಯಿತು.

ಬ್ರೆಝಾ ಸಿಕ್ಕಿದ್ದು ಶಿರಸಿಯಲ್ಲೇ, ನಿವೃತ್ತರಾದ ಮೇಷ್ಟ್ರೊಬ್ಬರ ಹತ್ತಿರ. ಕೆಎ-31 ನಂಬರ್, ಒಬ್ಬರೇ ಮಾಲೀಕರು, 62 ಸಾವಿರ ಕಿಲೋಮೀಟರ್. ಸರ್ವಿಸ್ ರಸೀದಿಗಳನ್ನೆಲ್ಲ ಫೈಲಿನಲ್ಲಿ ದಾರ ಹಾಕಿ ಕಟ್ಟಿಟ್ಟಿದ್ದರು, ಶಾಲೆಯ ಹಾಜರಿ ಪುಸ್ತಕದ ಹಾಗೆ. ಲಿಫ್ಟಿಗೆ ಏರಿಸಿದೆವು. ಅಡಿ ಪೂರ್ತಿ ಕೆಂಪು ಮಣ್ಣು. ಬಡಿದಲ್ಲೆಲ್ಲ ಟಣ್. ಇದೇ ಮೆಕ್ಯಾನಿಕ್ ಹಿಂದೆ ನನ್ನ ಗಾಡಿಗೆ ಸ್ಕ್ರೂಡ್ರೈವರ್ ಇಳಿಸಿದವನು. ಈ ಸಲ ಒತ್ತಿ ನೋಡಿ, "ತಗಳಿ" ಅಂದ. 6.40 ಲಕ್ಷಕ್ಕೆ ಮುಗಿಯಿತು. ಬಾಕಿ ದುಡ್ಡಿನಲ್ಲಿ ಬ್ಯಾಟರಿ, ವಿಮೆ, ಒಂದು ದೊಡ್ಡ ಸರ್ವಿಸ್.

1.3 ಲೀಟರಿನ ಆ ಡೀಸೆಲ್ ಎಂಜಿನ್ ಮೂಲದಲ್ಲಿ ಫಿಯಟ್‌ನದ್ದು. ಸ್ವಿಫ್ಟ್, ಡಿಜೈರ್ ಕಾಲದಿಂದ ನಮ್ಮ ಕಡೆಯ ಪ್ರತಿ ಗ್ಯಾರೇಜಿಗೂ ಪರಿಚಯ. ಬಿಎಸ್-6 ಬಂದಾಗ ಮಾರುತಿ ಡೀಸೆಲ್ಲನ್ನೇ ಬಿಟ್ಟಿತು, ಹಾಗಾಗಿ ಬೇಕೆಂದರೆ ಹಳೆಯದೇ ಗತಿ. ಇದರಲ್ಲಿ ಆ ಮಸಿಯ ಜರಡಿ ಇಲ್ಲ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಸೇರಿಸುವ ಗಲಾಟೆಯೂ ಇದಕ್ಕೆ ತಟ್ಟುವುದಿಲ್ಲ. ಕಾರವಾರಕ್ಕೆ ಹೋಗಿ ಬಂದರೆ ಲೀಟರಿಗೆ 19 ಸಿಗುತ್ತಿದೆ.

ಕೊರತೆ ಇಲ್ಲ ಅಂತಲ್ಲ. ಸಣ್ಣ ಟರ್ಬೊ ಡೀಸೆಲ್‌ಗಳ ಗುಣ ಒಂದಿದೆ, 1,800 ಆರ್‌ಪಿಎಂ ಕೆಳಗೆ ಜೀವ ಇರುವುದಿಲ್ಲ. ದೇವಿಮನೆಯ ತಿರುವಿನಲ್ಲಿ ಎರಡನೇ ಗೇರಿನಲ್ಲಿ ನಿಧಾನಿಸಿದರೆ ಗಾಡಿ ಮುದುಕರು ಕಟ್ಟೆ ಹಿಡಿದು ನಿಂತ ಹಾಗೆ ನಿಲ್ಲುತ್ತದೆ. ಮುಜುಗರ ಬಿಟ್ಟು ಒಂದನೇ ಗೇರಿಗೆ ಬರಬೇಕು. ನನಗೆ ಎರಡು ವಾರದಲ್ಲಿ ಕಾಲಿಗೆ ರೂಢಿಯಾಯಿತು. ಹೆಂಡತಿಗೆ ಇನ್ನೂ ಆಗಿಲ್ಲ, ಅವಳು ಅರೆಬೈಲ್ ಘಟ್ಟದ ದಾರಿಯೇ ವಾಸಿ ಅನ್ನುತ್ತಾಳೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಮಗಳನ್ನು ಕರೆತರಲು ಯಲ್ಲಾಪುರದ ಮೇಲೆ ಅದೇ ದಾರಿಯಲ್ಲಿ ಹೋಗಿದ್ದೆವು, ಅಂದಿನಿಂದ ಅವಳಿಗೆ ಅದರ ಮೇಲೆ ನಂಬಿಕೆ. ಒಳಗೆ ಎಂಜಿನ್ ಸದ್ದು ನೆಕ್ಸಾನಿಗಿಂತ ಜಾಸ್ತಿ. ಡಿಕ್ಕಿಯಲ್ಲಿ ಎರಡು ಅಡಿಕೆ ಚೀಲ ಮತ್ತು ಮಗಳ ಬ್ಯಾಗ್ ಹಿಡಿಯುತ್ತದೆ, ಹಲಸಿನಕಾಯಿ ಇದ್ದರೆ ಹಿಂದಿನ ಸೀಟಿಗೆ ಬರುತ್ತದೆ. ಆಯಿಗೆ ಸೀಟಿನ ಎತ್ತರ ಸರಿಯಾಗಿದೆ.

ದಿನಾ ಕಾರವಾರದಲ್ಲೇ ಇರುವವರು ನನ್ನ ಮಾತು ಕೇಳಿ ಹಳೆ ಡೀಸೆಲ್ ಹುಡುಕಬೇಕಿಲ್ಲ. ಹತ್ತು ಹನ್ನೊಂದು ಲಕ್ಷ ಇದ್ದು, ಮನೆ ಮುಂದೆ ಅಗಲ ರಸ್ತೆ ಇದ್ದರೆ ನೆಕ್ಸಾನ್ ತಗೊಳ್ಳಿ. ನನ್ನ ಹೆಂಡತಿಯೂ ಅದನ್ನೇ ಹೇಳುತ್ತಾಳೆ.

ಕಾರವಾರಕ್ಕೆ ಹೋಗಿ ಬಂದ ಮರುದಿನ ತೋಟದ ಪಂಪಿನ ಪೈಪ್ ಹಿಡಿದು ಅಡಿ ತೊಳೆಯುತ್ತೇನೆ, ಬರೀ ನೀರು, ಹತ್ತು ನಿಮಿಷ. ಟೈರ್ ನಾಲ್ಕೂ ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕು. ಅದಕ್ಕೆ ಇನ್ನೆರಡು ಚೀಲ ಅಡಿಕೆ ಕೊಡಬೇಕು, ದರ ಸ್ವಲ್ಪ ಏರಲಿ ಅಂತ ಕಾಯುತ್ತಿದ್ದೇನೆ. ಭಾವನ ಬಾಗಿಲಿನ ಗೀರಿಗೆ ಪಾಲಿಶ್ ಮಾಡಿಸಿಕೊಟ್ಟೆ, 1,200 ರೂಪಾಯಿ.